ಕಾರ್ ಸೀಟನ್ನು ವಿಮಾನಕ್ಕೆ ಒಯ್ಯುವ ಮುನ್ನ ಒಮ್ಮೆ ಬೋರಲು ಹಾಕಿ ನೋಡಿ

ಮಗುವಿನ ಕಾರ್ ಸೀಟನ್ನು, ಅಂದರೆ ಕಾರಿನಲ್ಲಿ ಕೂಸನ್ನು ಬಿಗಿದು ಕೂಡಿಸುವ ಪುಟ್ಟ ಆಸನವನ್ನು, ವಿಮಾನದಲ್ಲಿ ಒಯ್ಯಬೇಕೆಂದಿರುವ ಅಪ್ಪ ಅಮ್ಮಂದಿರು ದಯವಿಟ್ಟು ಟಿಕೆಟ್ ಮಾಡಿಸುವ ಮೊದಲೇ ಆ ಸೀಟನ್ನು ಬೋರಲು ಹಾಕಿ, ಬೆನ್ನು, ಪಕ್ಕ, ತಳ ಎಲ್ಲ ಕಡೆ ಅಂಟಿಸಿರುವ ಚೀಟಿಗಳನ್ನು ಒಂದೊಂದಾಗಿ ಓದಿ. ನಾನು ಓದಲಿಲ್ಲ. ಹತ್ತು ತಿಂಗಳ ಕೂಸಿಗೆಂದು ಪ್ರತ್ಯೇಕ ಆಸನಕ್ಕೆ ದುಡ್ಡು ಕೊಟ್ಟೆ. ಆದರೂ ಕೂಸು ಹದಿನಾರು ತಾಸು ನನ್ನ ಮಡಿಲಲ್ಲೇ ಇತ್ತು, ಹಣೆಗೆ ಪೆಟ್ಟು ಮಾಡಿಕೊಂಡು ಇಳಿಯಿತು.

ಹೆರಿಗೆಗೆ ತವರಿಗೆ ಬಂದವಳು ನಾನು, ಕಲಬುರಗಿಗೆ. ಗಂಡನ ಕೆಲಸ ಅಮೆರಿಕದ ಡಲ್ಲಾಸ್‌ನಲ್ಲಿ. ಕೂಸಿನ ತೊಟ್ಟಿಲು ಕಾರ್ಯದ ದಿನ ನನ್ನ ತಮ್ಮ, ಅಂದರೆ ಕೂಸಿನ ಸೋದರಮಾವ, ಸೂಪರ್ ಮಾರ್ಕೆಟ್ ಕಡೆಯಿಂದ ಒಂದು ಕಾರ್ ಸೀಟು ತಂದು ಉಡುಗೊರೆ ಕೊಟ್ಟ. ಬಂಗಾರದ ಬದಲು ಇದನ್ನೇಕೆ ತಂದೆ ಎಂದು ಮನೆಯ ಹಿರಿಯರು ಕೇಳಿದಾಗ, ‘ಅಕ್ಕ ಅಲ್ಲಿ ದಿನಾ ಕಾರಿನಲ್ಲೇ ಓಡಾಡಬೇಕಲ್ಲ’ ಎಂದ. ಎಷ್ಟು ಯೋಚಿಸಿ ತಂದಿದ್ದಾನೆ ಎಂದು ನನಗೆ ಕಣ್ಣು ತುಂಬಿ ಬಂದಿತ್ತು. ಅದು ಕೆಟ್ಟ ಸೀಟೇನೂ ಅಲ್ಲ. ಹುಟ್ಟಿದ ಮಗುವಿನಿಂದ 18 ಕಿಲೋ ತೂಕದವರೆಗೆ ನಡೆಯುವಂಥದ್ದು. ಹಿಂಬದಿಯಲ್ಲಿ ಕಿತ್ತಳೆ ಬಣ್ಣದ ಚೀಟಿ, ಅದರ ಮೇಲೆ ವೃತ್ತದೊಳಗೆ ಇಂಗ್ಲಿಷಿನ ‘ಇ’ ಅಕ್ಷರ. ಯುರೋಪಿನ ಆರ್44 ಮಾನದಂಡದ ಗುರುತು ಅದು. ನಾವು ಅದನ್ನು ನೋಡಿ, ‘ಅಂತರರಾಷ್ಟ್ರೀಯ ಗುಣಮಟ್ಟ’ ಎಂದುಕೊಂಡು ಸುಮ್ಮನಾದೆವು.

ಹೊರಡುವ ಸಮಯ ಬಂದಾಗ ಎರಡು ವರ್ಷದೊಳಗಿನ ಕೂಸನ್ನು ಮಡಿಲಲ್ಲೇ ಕೂಡಿಸಿಕೊಂಡು ಹೋಗಬಹುದು, ಟಿಕೆಟ್ ದೊಡ್ಡವರ ದರದ ಹತ್ತರಲ್ಲೊಂದು ಪಾಲಿನಷ್ಟೇ ಆಗುತ್ತದೆ ಎಂದು ಟಿಕೆಟ್ ಮಾಡಿಕೊಡುವವರು ಹೇಳಿದರು. ನಾನೇ ಬೇಡವೆಂದೆ. ದೊಡ್ಡವರ ಟಿಕೆಟ್ಟಿಗಿಂತ ಸ್ವಲ್ಪವೇ ಕಡಿಮೆ ಕೊಟ್ಟು ಕೂಸಿಗೆ ಬೇರೆ ಆಸನ ತೆಗೆಸಿದೆ. ‘ನಿನ್ನನ್ನು ಬೀದರಿನವರೆಗೂ ಬಸ್ಸಿನಲ್ಲಿ ಮಡಿಲಲ್ಲೇ ಕೂಡಿಸಿಕೊಂಡು ಹೋಗುತ್ತಿದ್ದೆ’ ಎಂದು ಅವ್ವ ಗೊಣಗಿದಳು. ಅವಳೂ ನನ್ನ ಜೊತೆ ಹೊರಟಿದ್ದಳು. ಕಾರ್ ಸೀಟು ಇಡಬಹುದೇ ಎಂದು ಟಿಕೆಟ್ಟಿನವರನ್ನು ಕೇಳಿದೆ. ‘ಆಸನ ನಿಮ್ಮದೇ ಅಲ್ಲವೇ, ಏನು ಬೇಕಾದರೂ ಇಡಿ’ ಎಂದರು. ವಿಮಾನ ಸಂಸ್ಥೆಯ ಸಹಾಯವಾಣಿಗೂ ಫೋನ್ ಮಾಡಿದೆ. ಅಲ್ಲಿಯೂ ‘ಇಡಬಹುದು ಮೇಡಂ’ ಎಂಬ ಉತ್ತರ. ಯಾವ ಸೀಟು, ಯಾವ ಮಾನದಂಡ, ಎಷ್ಟು ಅಗಲ ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಬರಹದಲ್ಲಿ ಏನನ್ನೂ ಕೇಳಿ ಪಡೆಯಲಿಲ್ಲ. ಕಾರ್ ಸೀಟು ಇದೆಯಲ್ಲ ಎಂಬ ಧೈರ್ಯದಲ್ಲಿ, ಮುಂದಿನ ಸಾಲಿನಲ್ಲಿ ಗೋಡೆಗೆ ಸಿಕ್ಕಿಸಿಕೊಡುವ ಬ್ಯಾಸಿನೆಟ್ ತೊಟ್ಟಿಲನ್ನೂ ಕೇಳಲಿಲ್ಲ.

ಹುಮನಾಬಾದ್, ಜಹೀರಾಬಾದ್ ಮೇಲೆ ಹಾಯ್ದು ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಷಾಬಾದ್ ಮುಟ್ಟಲು ಐದು ತಾಸು ಹಿಡಿಯಿತು. ಕೌಂಟರಿನಲ್ಲಿ ಸೀಟನ್ನು ನೋಡಿದರು, ಏನೂ ಅನ್ನಲಿಲ್ಲ. ಕೊಲ್ಲಿಯ ನಗರವೊಂದರಲ್ಲಿ ವಿಮಾನ ಬದಲಿಸಬೇಕಿತ್ತು. ಅಲ್ಲಿಯವರೆಗಿನ ವಿಮಾನದಲ್ಲಿ ಗಡಿಬಿಡಿಯಲ್ಲಿ ಯಾರೂ ಗಮನಿಸಲಿಲ್ಲ. ಬೆಲ್ಟನ್ನು ಹೇಗೋ ಮೇಲಿನಿಂದ ಸುತ್ತಿ ಕೂಸನ್ನು ಕೂಡಿಸಿದೆ. ಈಗ ನೆನೆದರೆ ಮೈ ನಡುಗುತ್ತದೆ, ಏಕೆಂದರೆ ಆ ಸೀಟು ಯಾವುದಕ್ಕೂ ಬಿಗಿದುಕೊಂಡಿರಲಿಲ್ಲ.

ಎರಡನೆಯ ವಿಮಾನದಲ್ಲಿ ಒಬ್ಬ ಹಿರಿಯ ಗಗನಸಖಿ ಬಂದು ಸೀಟನ್ನು ಒಂದು ಕೈಯಿಂದ ಅಲ್ಲಾಡಿಸಿದಳು. ಅದು ತೊಟ್ಟಿಲಿನಂತೆ ತೂಗಿತು. ಆಕೆ ಬಗ್ಗಿ ಚೀಟಿ ಓದಿದಳು. ಆಮೇಲೆ ನೀಲಿ ಬಣ್ಣದ ಕೊಂಡಿಗಳನ್ನು ತೋರಿಸಿ ವಿವರಿಸಿದಳು. ಕೂಸನ್ನು ಹಿಮ್ಮುಖವಾಗಿ ಕೂಡಿಸುವಾಗ ಬೆಲ್ಟು ಆ ಕೊಂಡಿಗಳ ಮೂಲಕ ಹಾಯಬೇಕು. ಕಾರಿನ ಬೆಲ್ಟಾದರೆ ಸೊಂಟಕ್ಕೊಂದು, ಭುಜಕ್ಕೊಂದು ಪಟ್ಟಿ ಇರುತ್ತದೆ. ಭುಜದ ಪಟ್ಟಿ ಸೀಟಿನ ಬೆನ್ನನ್ನು ಸುತ್ತಿ ಹಿಡಿಯುತ್ತದೆ. ವಿಮಾನದಲ್ಲಿ ಇರುವುದು ಸೊಂಟದ ಪಟ್ಟಿ ಒಂದೇ, ಅದೂ ಗಿಡ್ಡ. ಐಸೋಫಿಕ್ಸ್ ಎಂದು ಕಾರಿನ ಸೀಟಿನ ಸಂದಿಯಲ್ಲಿ ಇರುವ ಕಬ್ಬಿಣದ ಕೊಕ್ಕೆಗಳು ವಿಮಾನದಲ್ಲಿ ಇರುವುದೇ ಇಲ್ಲ. ಹೀಗಾಗಿ ಮೂರು ಕಡೆ ಬಿಗಿಯುವ ಬೆಲ್ಟು ಬೇಡುವ ಯಾವ ಸೀಟೂ ಅಲ್ಲಿ ನಿಲ್ಲುವುದಿಲ್ಲ. ‘ಕ್ಷಮಿಸಿ, ಇದನ್ನು ಕೆಳಗೆ ಸರಂಜಾಮಿಗೆ ಕಳಿಸುತ್ತೇವೆ’ ಎಂದು ಎತ್ತಿಕೊಂಡು ಹೋದಳು.

ನಾನು ಆಗ ಜಗಳವಾಡಿದೆ. ದುಡ್ಡು ಕೊಟ್ಟಿದ್ದೇನೆ ಎಂದು ಕೂಗಿದೆ. ಈಗ ಹೇಳುತ್ತೇನೆ, ಅವತ್ತು ಸರಿಯಾಗಿ ಕೆಲಸ ಮಾಡಿದವಳು ಆಕೆ ಒಬ್ಬಳೇ. ನನ್ನ ಸಿಟ್ಟೆಲ್ಲ ಅದಕ್ಕೂ ಮೊದಲು ‘ಇಡಬಹುದು ಮೇಡಂ’ ಎಂದವರ ಮೇಲೆ. ಆ ಒಂದು ಮಾತಿನ ಬದಲು ‘ಚೀಟಿಯ ಫೋಟೊ ಕಳಿಸಿ’ ಎಂದಿದ್ದರೆ ಎರಡು ವಾರ ಮೊದಲೇ ಎಲ್ಲ ಸರಿಹೋಗುತ್ತಿತ್ತು.

ಕೂಸಿನ ಆಸನ ಖಾಲಿ ಉಳಿಯಿತು. ನನ್ನ ಬೆಲ್ಟಿಗೆ ಕೂಡಿಸುವ ಒಂದು ಪುಟ್ಟ ಬೆಲ್ಟು ತಂದುಕೊಟ್ಟರು. ಯುರೋಪಿನಲ್ಲಿ ಈ ಮಡಿಲ ಬೆಲ್ಟು ಕಡ್ಡಾಯ, ಅಮೆರಿಕದ ವಿಮಾನಗಳಲ್ಲಿ, ವಿಮಾನ ಮೇಲೇರುವಾಗ ಮತ್ತು ನೆಲಕ್ಕಿಳಿಯುವಾಗ ಇದನ್ನು ಬಳಸುವಂತೆಯೇ ಇಲ್ಲ. ಅಪ್ಪಳಿಸಿದಾಗ ದೊಡ್ಡವರ ಮೈ ಮುಂದಕ್ಕೆ ಮಡಚಿ, ಕಟ್ಟಿಹಾಕಿದ ಕೂಸಿನ ಮೇಲೆಯೇ ಬೀಳುತ್ತದೆ ಎಂಬುದು ಅವರ ಕಾರಣ. ಆದರೆ ಗಾಳಿಯ ಹೊಯ್ದಾಟದಲ್ಲಿ ಕೂಸು ಕೈಬಿಟ್ಟು ಹಾರದಂತೆ ಅದು ತಡೆಯುತ್ತದೆ, ಹಾಕಿಕೊಂಡಿದ್ದರೆ.

ನಾನು ಹಾಕಿಕೊಂಡಿರಲಿಲ್ಲ. ಒಂಬತ್ತು ತಾಸು ಕಳೆದಿತ್ತು. ಕೂಸು ಅಳುತ್ತಿತ್ತು, ಹಾಲು ಕುಡಿಸಲೆಂದು ಪುಟ್ಟ ಬೆಲ್ಟನ್ನು ಬಿಚ್ಚಿದ್ದೆ. ತಲೆಯ ಮೇಲಿನ ಬೆಲ್ಟಿನ ದೀಪ ಹೊತ್ತಿಕೊಂಡಿತು. ಕೊಂಡಿಯನ್ನು ಹುಡುಕುತ್ತಿದ್ದೆ, ಅಷ್ಟರಲ್ಲಿ ವಿಮಾನ ಒಮ್ಮೆಲೇ ಕೆಳಕ್ಕೆ ಜಾರಿತು. ನನ್ನ ಮೈ ಬೆಲ್ಟಿನಲ್ಲಿ ನಿಂತಿತು, ಕೂಸು ನಿಲ್ಲಲಿಲ್ಲ. ಎಂಟೂವರೆ ಕಿಲೋ ಕೂಸು ನನ್ನ ಎರಡೂ ಕೈಗಳೊಳಗಿಂದ ಮೇಲಕ್ಕೆ ಎದ್ದುಹೋಯಿತು. ಅವ್ವ ಕೈ ಚಾಚಿದಳು. ಕೂಸಿನ ಕಾಲ್ಗೆಜ್ಜೆ ಅವ್ವನ ಬೆರಳಿಗೆ ಸಿಕ್ಕಿಕೊಂಡಿತು. ಕೂಸು ಮುಂದಿನ ಆಸನದ ಪರದೆಯ ಅಂಚಿಗೆ ಹಣೆ ಬಡಿದು ನನ್ನ ತೊಡೆಯ ಮೇಲೆ ಬಿದ್ದಿತು. ಗೆಜ್ಜೆಯ ಸರಪಳಿ ಅವ್ವನ ಬೆರಳನ್ನು ಸೀಳಿತ್ತು. ನನ್ನ ಸೀರೆಯ ಮೇಲಿನ ರಕ್ತ ಕೂಸಿನದೋ ಅವ್ವನದೋ ಎಂದು ತಿಳಿಯಲು ನನಗೆ ಎಷ್ಟೋ ಹೊತ್ತು ಬೇಕಾಯಿತು. ಮುಂದಿನ ಏಳು ತಾಸು ಕೂಸಿನ ಉಸಿರನ್ನೇ ಎಣಿಸುತ್ತ ಕುಳಿತೆ. ಇಳಿದ ಮೇಲೆ ಡಾಕ್ಟರು ನೋಡಿ, ಬಾವು ಮಾತ್ರ, ಒಳಗೆ ಏನೂ ಆಗಿಲ್ಲ ಎಂದರು. ಶರಣಬಸವೇಶ್ವರರ ಕೃಪೆ ಎಂದು ಅವ್ವ ಅಲ್ಲಿಯೇ ಕೈಮುಗಿದಳು.

ಇಷ್ಟಕ್ಕೇ ಮುಗಿಯಲಿಲ್ಲ. ಸರಂಜಾಮಿನ ಜೊತೆ ಹೊರಗೆ ಬಂದ ಕಾರ್ ಸೀಟಿನ ತಳದಲ್ಲಿ ಗೆರೆ ಎಳೆದಂತೆ ಬಿರುಕು ಬಿಟ್ಟಿತ್ತು. ಕೆಳಗೆ ಹಾಕಿದ ಸೀಟನ್ನು ಪೆಟ್ಟಿಗೆಗಳಂತೆಯೇ ಎಸೆಯುತ್ತಾರೆ. ಬಟ್ಟೆಯ ಒಳಗಿನ ಥರ್ಮೋಕೋಲು ಒಡೆದಿದ್ದರೆ ಹೊರಗೆ ಕಾಣುವುದೂ ಇಲ್ಲ. ಬಿರುಕು ಇರಲಿ ಬಿಡಿ, ಆ ಸೀಟು ಸರಿಯಾಗಿದ್ದರೂ ಅಲ್ಲಿ ನಡೆಯುತ್ತಿರಲಿಲ್ಲ ಎಂಬುದು ಆಗಲೇ ಗೊತ್ತಾದದ್ದು. ಅಮೆರಿಕದಲ್ಲಿ ಕಾರ್ ಸೀಟುಗಳಿಗೆ ಎಫ್‌ಎಂವಿಎಸ್‌ಎಸ್ 213 ಎಂಬ ಬೇರೆಯದೇ ಮಾನದಂಡ ಇದೆ. ಯುರೋಪಿನ ‘ಇ’ ಗುರುತಿನ ಸೀಟಾಗಲಿ, ನಮ್ಮ ದೇಶದ ಎಐಎಸ್ 072 ಮಾನದಂಡದ ಸೀಟಾಗಲಿ ಅಲ್ಲಿನ ಕಾನೂನಿಗೆ ಲೆಕ್ಕಕ್ಕಿಲ್ಲ. ಡಲ್ಲಾಸ್ ಇರುವ ಟೆಕ್ಸಾಸಿನಲ್ಲಿ ಎಂಟು ವರ್ಷದೊಳಗಿನ, ನಾಲ್ಕು ಅಡಿ ಒಂಬತ್ತು ಇಂಚಿಗಿಂತ ಗಿಡ್ಡವಾದ ಮಕ್ಕಳನ್ನು ಕಾರ್ ಸೀಟಿಲ್ಲದೆ ಕಾರಿನಲ್ಲಿ ಕೂಡಿಸುವಂತಿಲ್ಲ. ನನ್ನ ಗಂಡ ಅಂಗಡಿ ಹುಡುಕಿಕೊಂಡು ಹೋಗಿ ಹೊಸ ಸೀಟು ತರುವವರೆಗೆ ನಾವು ಎರಡು ತಾಸು ನಿಲ್ದಾಣದಲ್ಲೇ ಕುಳಿತೆವು. ಚೀಲದಲ್ಲಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಅವ್ವ ಬಿಚ್ಚಿದಳು. ನನಗೆ ಒಂದು ತುತ್ತೂ ಇಳಿಯಲಿಲ್ಲ.

ಆ ಹೊಸ ಸೀಟಿನ ಪಕ್ಕದಲ್ಲಿ ಕೆಂಪು ಅಕ್ಷರಗಳಲ್ಲಿ ಒಂದು ಸಾಲು ಇದೆ: ಇದು ಮೋಟಾರು ವಾಹನ ಮತ್ತು ವಿಮಾನ ಎರಡರಲ್ಲೂ ಬಳಸಲು ಪ್ರಮಾಣೀಕೃತ ಎಂದು. ನೀವು ಹುಡುಕಬೇಕಾದ ಸಾಲು ಅದು. ಆ ಸಾಲಿರುವ ಸೀಟನ್ನು, ಮಗುವಿಗೆ ಟಿಕೆಟ್ ಇದ್ದರೆ, ಅಮೆರಿಕದ ವಿಮಾನ ಸಂಸ್ಥೆಗಳು ಬೇಡವೆನ್ನುವಂತಿಲ್ಲ. ಯುರೋಪಿನ ಸೀಟುಗಳಲ್ಲಿಯೂ ಕೆಲವಕ್ಕೆ ವಿಮಾನದಲ್ಲಿ ಬಳಸಬಹುದೆಂಬ ಪ್ರತ್ಯೇಕ ಚೀಟಿ ಇರುತ್ತದೆ, ಎಲ್ಲದಕ್ಕೂ ಇರುವುದಿಲ್ಲ. ಸ್ವಲ್ಪ ದೊಡ್ಡ ಮಕ್ಕಳನ್ನು ಎತ್ತರಿಸಿ ಕೂಡಿಸುವ, ಬೆನ್ನಿಲ್ಲದ ಬೂಸ್ಟರ್ ಸೀಟನ್ನಂತೂ ವಿಮಾನ ಮೇಲೇರುವಾಗ ಮತ್ತು ನೆಲಕ್ಕಿಳಿಯುವಾಗ ಬಳಸಲು ಬಿಡುವುದಿಲ್ಲ. ಬೇರೆ ದೇಶಗಳ ಸಂಸ್ಥೆಗಳ ನಿಯಮ ಒಂದೊಂದಕ್ಕೆ ಒಂದೊಂದು, ಆದ್ದರಿಂದ ಚೀಟಿಯ ಫೋಟೊ ಮತ್ತು ಸೀಟಿನ ಅಗಲ ಎರಡನ್ನೂ ಈಮೇಲ್‌ನಲ್ಲಿ ಕಳಿಸಿ ಉತ್ತರವನ್ನು ಬರಹದಲ್ಲೇ ಪಡೆಯಿರಿ. ಅದನ್ನು ಮುದ್ರಿಸಿ ಕೈಯಲ್ಲಿಟ್ಟುಕೊಳ್ಳಿ. ಅಗಲ ಸುಮಾರು 40 ಸೆಂಟಿಮೀಟರಿನೊಳಗೆ ಇದ್ದರೆ ಹೆಚ್ಚಿನ ಆಸನಗಳಲ್ಲಿ ಹಿಡಿಯುತ್ತದೆ. ಸಣ್ಣ ಊರುಗಳ ನಿಲ್ದಾಣಗಳಿಗೆ ಬರುವ ಸಣ್ಣ ವಿಮಾನಗಳಿಗೆ ಈ ಅಳತೆಯನ್ನು ಮತ್ತೂ ಎಚ್ಚರದಿಂದ ಕೇಳಿ.

ಮಡಿಲಲ್ಲಿ ಗಟ್ಟಿಯಾಗಿ ಹಿಡಿದುಕೊಂಡರೆ ಸಾಕಲ್ಲವೇ ಎಂದು ಊರಲ್ಲಿ ಹಲವರು ನನ್ನನ್ನು ಕೇಳಿದರು. ಸಾಲದು. ಈಗಿನ ವಿಮಾನದ ಆಸನಗಳನ್ನು ಗುರುತ್ವದ 16 ಪಟ್ಟು ಬಲಕ್ಕೆ ಪರೀಕ್ಷಿಸುತ್ತಾರೆ. ಅಷ್ಟು ಬಲದ ಪೆಟ್ಟಿನಲ್ಲಿ ಹತ್ತು ಕಿಲೋ ಕೂಸು 160 ಕಿಲೋ ಆಗುತ್ತದೆ. ಯಾವ ತಾಯಿಯ ತೋಳಿಗೆ ಆ ಶಕ್ತಿ ಇದೆ? 1989ರ ಜುಲೈ 19ರಂದು ಅಮೆರಿಕದ ಸೂ ಸಿಟಿಯಲ್ಲಿ ಯುನೈಟೆಡ್ ಸಂಸ್ಥೆಯ 232ನೇ ವಿಮಾನ ಅಪ್ಪಳಿಸಿದಾಗ ನಾಲ್ಕು ಕೂಸುಗಳು ಆಸನವಿಲ್ಲದೆ ಮಡಿಲಲ್ಲಿ ಪಯಣಿಸುತ್ತಿದ್ದವು. ಅವುಗಳನ್ನು ಕಂಬಳಿ ಹಾಸಿ ಕಾಲಡಿ ನೆಲದ ಮೇಲೆ ಇಟ್ಟುಕೊಳ್ಳಿ ಎಂದು ತಾಯಂದಿರಿಗೆ ಹೇಳಬೇಕಾಯಿತು, ಆಗಿನ ನಿಯಮ ಅದೇ ಆಗಿತ್ತು. ಅವುಗಳಲ್ಲಿ ಒಂದು ಕೂಸು ತೀರಿಕೊಂಡಿತು. ಹಾಗೆ ಹೇಳಿದ ಮುಖ್ಯ ಗಗನಸಖಿ ಮುಂದೆ ವರ್ಷಗಟ್ಟಲೆ ಕೂಸುಗಳಿಗೆ ಪ್ರತ್ಯೇಕ ಆಸನ ಕಡ್ಡಾಯವಾಗಲಿ ಎಂದು ಹೋರಾಡಿದಳು. ಅಲ್ಲಿನ ಅಪಘಾತ ತನಿಖಾ ಮಂಡಳಿಯೂ ಅದನ್ನೇ ಕೇಳುತ್ತ ಬಂದಿದೆ. ಟಿಕೆಟ್ ದುಬಾರಿಯಾದರೆ ಜನ ವಿಮಾನ ಬಿಟ್ಟು ಕಾರಿನಲ್ಲಿ ಹೋಗುತ್ತಾರೆ, ರಸ್ತೆಯ ಮೇಲೆ ಸಾವು ಹೆಚ್ಚುತ್ತದೆ ಎಂದು ಸರ್ಕಾರ ಅದನ್ನು ಕಡ್ಡಾಯ ಮಾಡಲಿಲ್ಲ. ಆ ಲೆಕ್ಕ ಇರಬಹುದು. ಆದರೆ ಕೈಯೊಳಗಿಂದ ಕೂಸು ಎದ್ದುಹೋದದ್ದನ್ನು ನೋಡಿದ ಮೇಲೆ ಆ ಲೆಕ್ಕ ನನ್ನ ತಲೆಗೆ ಹತ್ತುವುದಿಲ್ಲ.

ಈ ವರ್ಷ ಶರಣಬಸವೇಶ್ವರ ಜಾತ್ರೆಗೆ ಊರಿಗೆ ಬಂದಾಗ ಆ ಕೆಂಪು ಅಕ್ಷರದ ಸೀಟನ್ನೇ ತಂದೆವು. ಕಿಟಕಿಯ ಪಕ್ಕದಲ್ಲೇ ಇಡಬೇಕು, ಬೇರೆಯವರು ಎದ್ದು ಓಡುವ ದಾರಿಗೆ ಅಡ್ಡವಾಗಬಾರದು. ತುರ್ತು ದ್ವಾರದ ಸಾಲಿನಲ್ಲಿ, ಅದರ ಹಿಂದಿನ ಮುಂದಿನ ಸಾಲಿನಲ್ಲಿ ಕೊಡುವುದಿಲ್ಲ. ಸೊಂಟದ ಪಟ್ಟಿಯನ್ನು ಸೀಟಿನ ಒಳಗಿನ ದಾರಿಯಲ್ಲಿ ಹಾಯಿಸಿ, ಮೊಣಕಾಲನ್ನು ಸೀಟಿನಲ್ಲಿ ಊರಿ ಮೈಭಾರ ಹಾಕಿ, ಪಟ್ಟಿಯ ತುದಿಯನ್ನು ಎಳೆಯಬೇಕು. ಬುಡದಲ್ಲಿ ಹಿಡಿದು ಅಲುಗಿಸಿದರೆ ಒಂದು ಇಂಚಿಗಿಂತ ಹೆಚ್ಚು ಅಲ್ಲಾಡಬಾರದು. ಬೆಲ್ಟಿನ ಲೋಹದ ಬಕಲ್ ಕೂಸಿನ ಬೆನ್ನ ಹಿಂದೆ ಬಂದರೆ ಒತ್ತುತ್ತದೆ, ಸಿಬ್ಬಂದಿಯನ್ನು ಕೇಳಿದರೆ ಬೆಲ್ಟು ಉದ್ದ ಮಾಡುವ ಪಟ್ಟಿ ಕೊಡುತ್ತಾರೆ. ಕೂಸು ಮಧ್ಯೆ ಎರಡು ಬಾರಿ ಎದ್ದು ಅತ್ತಿತು, ಮಿಕ್ಕಂತೆ ಮಲಗಿಯೇ ಇತ್ತು.

ಶಂಷಾಬಾದ್‌ನಲ್ಲಿ ತಮ್ಮ ಟ್ಯಾಕ್ಸಿ ತಂದು ಕಾಯುತ್ತಿದ್ದ. ಹಿಂದಿನ ಸೀಟಿಗೆ ಹೊಸ ಕವರು ಹೊಲಿಸಿದ್ದರು, ಬೆಲ್ಟುಗಳೆಲ್ಲ ಅದರ ಕೆಳಗೆ ಹೂತುಹೋಗಿದ್ದವು. ನಮ್ಮ ದೇಶದಲ್ಲಿಯೂ 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಇಲ್ಲವೇ ಮಕ್ಕಳ ಸೀಟು ಇಲ್ಲದೆ ಕಾರಿನಲ್ಲಿ ಒಯ್ದರೆ ಸಾವಿರ ರೂಪಾಯಿ ದಂಡ ಎಂದು 2019ರ ತಿದ್ದುಪಡಿಯಲ್ಲೇ ಇದೆ, ಆದರೂ ನಮ್ಮ ಕಡೆಯ ಟ್ಯಾಕ್ಸಿಗಳಲ್ಲಿ ಹಿಂದಿನ ಬೆಲ್ಟು ಕಣ್ಣಿಗೆ ಬೀಳುವುದೇ ಅಪರೂಪ. ತಮ್ಮ ಬ್ಲೇಡು ಕೇಳಿ ತಂದು, ಡ್ರೈವರಣ್ಣನ ಒಪ್ಪಿಗೆ ಪಡೆದು, ಕವರಿನ ಹೊಲಿಗೆ ಬಿಚ್ಚಿ ಬೆಲ್ಟನ್ನು ಹೊರಗೆ ಎಳೆದ. ಅರ್ಧ ತಾಸು ಹಿಡಿಯಿತು. ನೀವಾದರೆ ಟ್ಯಾಕ್ಸಿ ಹೇಳುವಾಗಲೇ, ಹಿಂದಿನ ಎರಡೂ ಬೆಲ್ಟುಗಳನ್ನು ಹೊರಗೆ ತೆಗೆದಿಟ್ಟುಕೊಂಡು ಬನ್ನಿ ಎಂದು ಹಿಂದಿನ ದಿನವೇ ಹೇಳಿಡಿ.