ತಿನ್ನುವುದನ್ನು ಕಣ್ಣಾರೆ ನೋಡದೆ ಕಾಪರ್‌ಬ್ಯಾಂಡ್ ತರಬೇಡಿ

ಉಪ್ಪುನೀರಿನ ಟ್ಯಾಂಕ್ ಇಟ್ಟವರಿಗೆ, ಇಡಬೇಕು ಅಂತ ಆಸೆ ಇರುವವರಿಗೆ ಒಂದು ಮಾತು. ಕಾಪರ್‌ಬ್ಯಾಂಡ್ ಬಟರ್‌ಫ್ಲೈ ಮೀನನ್ನು ಅಂಗಡಿಯವರ ಬಾಯಿಮಾತು ನಂಬಿ ಮನೆಗೆ ತರಬೇಡಿ. ಅದು ನಿಮ್ಮ ಕಣ್ಣೆದುರಿಗೇ ತಿನ್ನಬೇಕು. ಒಂದು ಸಲ ತಿಂದರೆ ಸಾಲದು, ಇನ್ನೊಂದು ದಿನ ಹೋದಾಗಲೂ ತಿನ್ನಬೇಕು. ಅಲ್ಲಿಯವರೆಗೆ ದುಡ್ಡು ಕೊಡಬೇಡಿ.

ನಮ್ಮ ಮನೆಯ ಟ್ಯಾಂಕ್ 500 ಲೀಟರಿನದು. ಹೊಸದಾಗಿ ತಂದ ಪಾಚಿಯ ಜೊತೆ ಅದಕ್ಕೆ ಐಪ್ಟೇಸಿಯಾ ಬಂದು ಸೇರಿಕೊಂಡಿತು. ಇದು ಅನಿಮೋನಿ ಜಾತಿಯ ಸಣ್ಣ ಕಂದು ಜೀವಿ. ಪಕ್ಕದಲ್ಲಿರುವುದನ್ನೆಲ್ಲ ಕುಟುಕುತ್ತದೆ. ಕಿತ್ತರೆ ಉಳಿದ ಚೂರಿನಿಂದಲೇ ಮತ್ತೆ ಬೆಳೆಯುತ್ತದೆ. ಬೆಂಗಳೂರಿನ ಒಂದು ಅಂಗಡಿಯಲ್ಲಿ ಕೇಳಿದಾಗ, "ಕಾಪರ್‌ಬ್ಯಾಂಡ್ ಬಿಡಿ ಮೇಡಂ, ಎಲ್ಲಾ ತಿಂದು ಕ್ಲೀನ್ ಮಾಡುತ್ತೆ. ಮೈಸಿಸ್ ಹಾಕಿದ್ರೂ ತಿನ್ನುತ್ತೆ, ಪೆಲೆಟ್ ಹಾಕಿದ್ರೂ ತಿನ್ನುತ್ತೆ" ಅಂದರು. ಮೈಸಿಸ್ ಅಂದರೆ ಮೀನಿಗೆ ಹಾಕುವ ಸಣ್ಣ ಸಿಗಡಿಯಂಥ ಜೀವಿ, ಪೆಲೆಟ್ ಅಂದರೆ ಗುಳಿಗೆಯಂಥ ಒಣ ಆಹಾರ. ತಿನ್ನಿಸಿ ತೋರಿಸಿ ಅಂದೆ. "ಈಗ ತಾನೇ ಹಾಕಿದ್ದೀವಿ, ಮತ್ತೆ ಹಾಕಿದ್ರೆ ನೀರು ಕೆಡುತ್ತೆ" ಅಂದರು. ಈ ಒಂದು ಉತ್ತರ ಕೇಳಿಸಿದರೆ ನೀವು ಅಲ್ಲಿಂದ ಹೊರಟುಬಿಡಿ. ನಾನು ಹೊರಡದೆ ಮೀನನ್ನು ಕೊಂಡು ತಂದುಬಿಟ್ಟೆ. ಆ ಮೀನು ಹಿಂದಿನ ರಾತ್ರಿಯಷ್ಟೇ ಚೆನ್ನೈಯಿಂದ ಬಂದಿತ್ತು, ಅಂಗಡಿಯಲ್ಲಿ ಒಂದು ತುತ್ತೂ ತಿಂದಿರಲಿಲ್ಲ ಅಂತ ಅಲ್ಲಿ ಕೆಲಸ ಮಾಡುವ ಹುಡುಗ ಆಮೇಲೆ ಹೇಳಿದ.

ದೂರದಿಂದ ಬರುವ ಮೀನಿನ ಸ್ಥಿತಿ ಹೇಗಿರುತ್ತದೆ ಅಂತ ತಿಳಿದುಕೊಳ್ಳಬೇಕು. ಚೀಲದ ನೀರು ಕೆಡಬಾರದು ಅಂತ ಕಳಿಸುವ ಮೊದಲೇ ಅದನ್ನು ಉಪವಾಸ ಕೆಡವುತ್ತಾರೆ. ಹಿಡಿದವರ ಹತ್ತಿರ, ಕಳಿಸುವವರ ಹತ್ತಿರ, ಇಲ್ಲಿನ ಸಗಟು ವ್ಯಾಪಾರಿಯ ಹತ್ತಿರ, ಪ್ರತಿ ಹಂತದಲ್ಲೂ ಇದೇ ಕಥೆ. ಫಿಲಿಪೀನ್ಸ್, ಇಂಡೋನೇಷ್ಯಾ ಕಡೆ ಹವಳದ ಸಂದಿಗೆ ಸೈನೈಡ್ ಚಿಮ್ಮಿಸಿ, ಮೀನಿಗೆ ಮಂಪರು ಬರಿಸಿ ಹಿಡಿಯುವ ಕೆಟ್ಟ ರೂಢಿ 1960ರ ದಶಕದಿಂದಲೂ ಇದೆ. ಕಾನೂನು ಬೇಡ ಅಂದರೂ ಪೂರ್ತಿ ನಿಂತಿಲ್ಲ. ಹಾಗೆ ಹಿಡಿದ ಮೀನು ಮೇಲ್ನೋಟಕ್ಕೆ ಚೆನ್ನಾಗಿಯೇ ಕಾಣಬಹುದು.

ನಮ್ಮದನ್ನು ಮೊದಲು ಬೇರೆ ಟ್ಯಾಂಕಿನಲ್ಲಿ, ಒಂಟಿಯಾಗಿ ಇಟ್ಟಿದ್ದೆವು. ಎಷ್ಟು ಚೆಂದದ ಮೀನು ಅಂತೀರಿ! ಬೆಳ್ಳಿ ಮೈಮೇಲೆ ಕಿತ್ತಳೆ ಪಟ್ಟೆ, ಬೆನ್ನಿನ ರೆಕ್ಕೆಯಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ, ಇಕ್ಕಳದ ಹಾಗೆ ಉದ್ದ ಮೂತಿ. ಮೈಸಿಸ್ ಹಾಕಿದರೆ ಹತ್ತಿರ ಬರುತ್ತಿತ್ತು, ಒಂದು ಕಣ್ಣಿನಿಂದ ನೋಡುತ್ತಿತ್ತು, ತಿರುಗಿ ಹೋಗುತ್ತಿತ್ತು. ಆರ್ಟೀಮಿಯಾ ಅನ್ನುವ, ಉಪ್ಪುನೀರಿನ ಸಣ್ಣ ಸಿಗಡಿಯಂಥ ಜೀವಿಯನ್ನು ಜೀವಂತ ಬಿಟ್ಟಾಗ ಮಾತ್ರ ಕುಕ್ಕಿತು. ಮನೆಯವರೆಲ್ಲ ಖುಷಿಪಟ್ಟೆವು. ಆದರೆ ಅದು ತಿನ್ನುತ್ತಲೇ ಸೊರಗಿತು. ಈ ಮೀನಿನ ವಿಷಯದಲ್ಲಿ ಜಾಸ್ತಿ ಜನರಿಗೆ ತಿಳಿಯದೆ ಹೋಗುವುದು ಇದೇ. ದೊಡ್ಡ ಆರ್ಟೀಮಿಯಾದಲ್ಲಿ ಸತ್ವ ಕಡಿಮೆ. ಪೋಷಕಾಂಶ ಉಣಿಸದೆ ಸುಮ್ನೆ ಕೊಟ್ಟರೆ ಹೊಟ್ಟೆ ತುಂಬಿದ ಹಾಗೆ ಕಾಣುತ್ತದೆ, ಮೈ ಕರಗುತ್ತದೆ. ಕಡಲಿನಲ್ಲಿ ಈ ಮೀನು ಬೆಳಗಿನಿಂದ ಸಂಜೆಯವರೆಗೆ ಕಲ್ಲಿನ ಸಂದಿಗೆ ಮೂತಿ ತೂರಿಸಿ ಹುಳು, ಸಣ್ಣ ಸಿಗಡಿಯಂಥ ಜೀವಿಗಳನ್ನು ಹೆಕ್ಕುತ್ತಲೇ ಇರುತ್ತದೆ. ದಿನಕ್ಕೆ ಒಂದೇ ಹೊತ್ತಿನ ಊಟ ಅದಕ್ಕೆ ಯಾವ ಮೂಲೆಗೂ ಸಾಲದು.

ಕಣ್ಣಿನ ಮೇಲೆ, ನೆತ್ತಿಯ ಹಿಂದಿನ ಮಾಂಸ ಇಳಿದು ಎಲುಬಿನ ಗೆರೆ ಕಂಡಾಗ ಆಶೆ ಕಡಿಮೆಯಾಯಿತು. ಕೊನೆಗೆ ಸತ್ತೇ ಹೋಯಿತು. ಅಂಗಡಿಯವರು "ನಿಮ್ಮ ನೀರೇ ಸರಿ ಇಲ್ಲ" ಅಂದುಬಿಟ್ಟರು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ, ಉಪ್ಪಿನ ಅಳತೆ 1.025. ಟೆಸ್ಟ್ ಮಾಡಿದ ಫೋಟೋ ತೋರಿಸಿದರೂ ನೋಡಲಿಲ್ಲ. ದುಡ್ಡು ಹೋದದ್ದು ದೊಡ್ಡದಲ್ಲ. ಹಸಿದ ಜೀವವನ್ನು ಹಸಿದಿದೆ ಅಂತ ಗೊತ್ತಿದ್ದೂ ದಾಟಿಸಿದರಲ್ಲ, ಆ ಸಿಟ್ಟು ಇನ್ನೂ ಇದೆ.

ಆ ಅಂಗಡಿಯ ಅದೇ ಸಾಲಿನಲ್ಲಿ ಇನ್ನೊಂದು ಬಟರ್‌ಫ್ಲೈ ಕೂಡ ಮಾರಾಟಕ್ಕಿತ್ತು. ಹಳದಿ ಮೈ, ಉದ್ದಕ್ಕೂ ನೇರಳೆ ಗೀರು, ಮೆಲನ್ ಬಟರ್‌ಫ್ಲೈ ಅನ್ನುತ್ತಾರೆ. ಅದರ ಮುಖ್ಯ ಆಹಾರವೇ ಜೀವಂತ ಹವಳ. ಆರ್ನೇಟ್, ಮೆಯರ್ಸ್, ಶೆವ್ರಾನ್ ಬಟರ್‌ಫ್ಲೈಗಳೂ ಹೀಗೆಯೇ. ನಮ್ಮ ದೇಶದಲ್ಲಿ 2001ರಿಂದ ಗಟ್ಟಿ ಹವಳಗಳು ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪರಿಶಿಷ್ಟದಲ್ಲಿ, ಅಂದರೆ ಹುಲಿ ಇರುವ ಪಟ್ಟಿಯಲ್ಲೇ ಇವೆ. ಮನೆಯಲ್ಲಿ ಹವಳ ಉಣಿಸಿ ಮೀನು ಸಾಕುವ ಮಾತೇ ಇಲ್ಲ. ಇಂಥವನ್ನು ಎಷ್ಟೇ ಅಗ್ಗಕ್ಕೆ ಕೊಟ್ಟರೂ ಮುಟ್ಟಬೇಡಿ. ಇವುಗಳ ಚೆಂದ ನೋಡಲೇಬೇಕು ಅಂದರೆ ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಡೈವ್ ಮಾಡಿ. ಬಟರ್‌ಫ್ಲೈ ಮೀನುಗಳು ಅಲ್ಲಿ ತಮ್ಮ ಪಾಡಿಗೆ ಮೇಯುತ್ತಿರುತ್ತವೆ.

ಅಷ್ಟಾದರೂ ಕಾಪರ್‌ಬ್ಯಾಂಡ್ ಬೇಕೇ ಬೇಕು ಅನ್ನುವವರು ಅಂಗಡಿಯಲ್ಲಿ ಮೀನನ್ನು ಎದುರಿನಿಂದ ನೋಡಿ. ನೆತ್ತಿಯ ಹಿಂದೆ ಮಾಂಸ ತುಂಬಿಕೊಂಡಿರಬೇಕು. ಮೂತಿಯ ತುದಿ ಕೆಂಪಾಗಿದ್ದರೆ, ಗಾಯವಿದ್ದರೆ ಬೇಡ. ಕಿವಿರು ಬೇಗ ಬೇಗ ಆಡುತ್ತಿದ್ದರೆ ಖಂಡಿತ ಬೇಡ, ವೆಲ್ವೆಟ್ ರೋಗ ಇರಬಹುದು. ಅದರ ಔಷಧಿಯಲ್ಲಿ ತಾಮ್ರವಿರುತ್ತದೆ. ಈ ಮೀನು ಆ ತಾಮ್ರವನ್ನು ತಡೆದುಕೊಳ್ಳುವುದು ಕಷ್ಟ, ಔಷಧಿ ಬಿದ್ದ ಮೇಲೆ ಊಟ ಬಿಡುವುದೂ ಉಂಟು. ಟ್ಯಾಂಕ್ 400 ಲೀಟರಿಗಿಂತ ಕಡಿಮೆ ಇರಬಾರದು, ಯಾಕೆಂದರೆ ಇದು 20 ಸೆಂಟಿಮೀಟರ್‌ವರೆಗೂ ಬೆಳೆಯುತ್ತದೆ. ಟ್ಯಾಂಗ್, ಡ್ಯಾಮ್ಸೆಲ್‌ನಂಥ ಜೋರು ಮೀನುಗಳಿದ್ದರೆ ಇದಕ್ಕೆ ಊಟ ದಕ್ಕುವುದಿಲ್ಲ.

ಈಗಾಗಲೇ ನಿಮ್ಮ ಮನೆಯಲ್ಲಿ ಒಂದು ಬಂದು, ತಿನ್ನದೆ ಕೂತಿದ್ದರೆ ಇವತ್ತೇ ಮೀನು ಮಾರ್ಕೆಟ್ಟಿಗೆ ಹೋಗಿ ಮರುವಾಯಿ ತನ್ನಿ. ಮಂಗಳೂರಿನವರಿಗೆ ಹೇಳಿಕೊಡಬೇಕಿಲ್ಲ, ಉಳಿದವರು ಕಪ್ಪೆಚಿಪ್ಪು ಅಂತ ಕೇಳಿ. ಉಪ್ಪು, ಮಸಾಲೆ ಏನೂ ಸೋಕಿರಬಾರದು. ತೊಳೆದು, ಚಿಪ್ಪು ಬಿಡಿಸಿ, ಮಾಂಸವಿರುವ ಅರ್ಧವನ್ನು ಕಲ್ಲಿನ ಸಂದಿಯಲ್ಲಿ ಸಿಕ್ಕಿಸಿ. ಸಂದಿಯಿಂದ ಹೆಕ್ಕುವುದು ಅದರ ಹುಟ್ಟುಗುಣ, ಹಾಗಾಗಿ ನೀರಿನಲ್ಲಿ ತೇಲುವ ಊಟಕ್ಕೆ ಒಲ್ಲೆ ಅಂದದ್ದೂ ಇದಕ್ಕೆ ಬಾಯಿ ಹಾಕಬಹುದು. ಕೆಲವು ತಾಸಿನೊಳಗೆ ಉಳಿದದ್ದನ್ನು ತೆಗೆದುಬಿಡಿ. ಮೀನು ಅದನ್ನು ತಿನ್ನತೊಡಗಿದರೆ ಚಿಪ್ಪಿನ ಮೇಲೆಯೇ ಮೈಸಿಸ್ ಉದುರಿಸಿ ಅಭ್ಯಾಸ ಮಾಡಿಸಿ. ದಿನಕ್ಕೆ ಮೂರು ನಾಲ್ಕು ಸಲ, ಸ್ವಲ್ಪ ಸ್ವಲ್ಪವೇ ಹಾಕಿ. ಇಷ್ಟು ಸಲ ಹಾಕಿದರೆ ನೈಟ್ರೇಟ್ ಏರುತ್ತದೆ, ನೀರು ಬದಲಿಸುವ ಕೆಲಸವೂ ಜಾಸ್ತಿಯಾಗುತ್ತದೆ.

ಬರೀ ಐಪ್ಟೇಸಿಯಾ ಹೋದರೆ ಸಾಕು ಅನ್ನುವವರಿಗೆ ಈ ಮೀನೇ ಬೇಡ. ಎಲ್ಲಾ ಕಾಪರ್‌ಬ್ಯಾಂಡೂ ಅದನ್ನು ತಿನ್ನುವುದಿಲ್ಲ. ಪೆಪ್ಪರ್‌ಮಿಂಟ್ ಸಿಗಡಿ ಬಿಟ್ಟು ನೋಡಿ, ಇಲ್ಲವಾದರೆ ಸಿರಿಂಜಿನಲ್ಲಿ ಸುಣ್ಣದ ಗಟ್ಟಿ ನೀರನ್ನು ಒಂದೊಂದಕ್ಕೇ ಹಾಕಿ. ಇನ್ನು ಬಟರ್‌ಫ್ಲೈ ಚೆಂದವೇ ಬೇಕು, ಟ್ಯಾಂಕಿನಲ್ಲಿ ಮೀನು ಬಿಟ್ಟು ಬೇರೇನೂ ಇಲ್ಲ ಅನ್ನುವವರು ಔರಿಗಾ ಅಥವಾ ಹೆನಿಯೋಕಸ್ ಕೇಳಿ. ಇವು ಗಟ್ಟಿ ಜೀವ, ಮೈಸಿಸ್, ಪೆಲೆಟ್ ಎರಡಕ್ಕೂ ಬೇಗ ಒಗ್ಗುತ್ತವೆ. ಆದರೆ ಇವನ್ನೂ ತಿನ್ನಿಸಿ ತೋರಿಸಿ ಅಂತಲೇ ಕೇಳಿ.