ಅಡ್ಡದಂಡಿಯಿಲ್ಲದ ಏಳು ಗೇರಿನ ಸೈಕಲ್: ಅರುವತ್ತು ದಾಟಿದ ಜೋಡಿಗೆ, ಕಾಸರಗೋಡಿನ ಏರುತಗ್ಗಿಗೆ

ಪೇಟೆಯ ಕೆಲಸ ಮುಗಿಸಿ ಬದಿಯಡ್ಕ, ನೀರ್ಚಾಲು, ಪೆರ್ಲದ ಕಡೆ ಮನೆಮಾಡಿದ ಗಂಡಹೆಂಡತಿ ಬೆಳಗ್ಗೆ ಜೊತೆಯಾಗಿ ಸೈಕಲ್ ತುಳಿಯಬೇಕೆಂದರೆ ಇದಕ್ಕಿಂತ ಒಳ್ಳೆಯ ನಮೂನೆ ಇಲ್ಲ. ಕಾಲು ಹಿಂದಕ್ಕೆ ಎತ್ತಿ ಬೀಸಬೇಕಿಲ್ಲ. ಸೀರೆಗೂ ಮುಂಡಿಗೂ ತೊಡಕಿಲ್ಲ. ಏರಿನ ನಡುವೆ ದಮ್ಮು ಕಟ್ಟಿದರೆ ಥಟ್ಟನೆ ಇಳಿದು ನಿಲ್ಲಬಹುದು. ಮೊಣಕಾಲು ನೋವಿನವರಿಗೆ ಇದೊಂದೇ ಕಾರಣ ಸಾಕು.

ಆದರೆ ಅಂಗಡಿಯಲ್ಲಿ ನೋಡಬೇಕಾದದ್ದು ಬಣ್ಣವನ್ನಲ್ಲ, ಹಲ್ಲುಗಳನ್ನು. ಪೆಡಲಿನ ಚಕ್ರಕ್ಕೆ 38 ಹಲ್ಲು, ಹಿಂದಿನ ಹಲ್ಲುಚಕ್ರಗಳಲ್ಲಿ ದೊಡ್ಡದಕ್ಕೆ 28 ಇದ್ದರೆ, 26 ಇಂಚಿನ ಗಾಲಿ ಪೆಡಲಿನ ಒಂದು ಸುತ್ತಿಗೆ ಹೆಚ್ಚುಕಡಿಮೆ 2.8 ಮೀಟರ್ ಮುಂದೆ ಹೋಗುತ್ತದೆ. ಹಿಂದೆ 34 ಹಲ್ಲು ಇದ್ದರೆ 2.3 ಮೀಟರ್. ಸೀತಾಂಗೋಳಿಯ ಏರಿನಂಥಲ್ಲಿ ಈ ಅರ್ಧ ಮೀಟರಿನ ಬೆಲೆ ಮೊಣಕಾಲಿಗೆ ಗೊತ್ತು. 28 ಇದ್ದರೆ 34ರ ಫ್ರೀವೀಲ್ (ಹಿಂದಿನ ಹಲ್ಲುಚಕ್ರಗಳ ಗೊಂಚಲು) ಹಾಕಿಸಿ. ಡಿರೇಲರ್, ಅಂದರೆ ಗೇರ್ ಬದಲಿಸಲು ಚೈನನ್ನು ಸರಿಸುವ ಭಾಗ, ಅಷ್ಟು ದೊಡ್ಡದನ್ನು ತಾಳುತ್ತದೆಯೇ ಎಂದು ಮೊದಲೇ ಕೇಳಿ, ಚೈನಿನ ಉದ್ದವನ್ನೂ ನೋಡಿಸಿ. ಗಿಡ್ಡ ಚೈನನ್ನು ದೊಡ್ಡ ಹಲ್ಲಿಗೆ ಏರಿಸಿದರೆ ಡಿರೇಲರ್ ಬಿಗಿದು ಮುರಿಯುತ್ತದೆ.

ಇಬ್ಬರಿಗೂ ಒಂದೇ ಅಳತೆಯ ಸೈಕಲ್ ತೆಗೆಯಬೇಡಿ. ಸೀಟಿನ ಮೇಲೆ ಕೂತು ಹಿಮ್ಮಡಿಯನ್ನು ಕೆಳಗಿನ ಪೆಡಲಿಗೆ ಇಟ್ಟಾಗ ಕಾಲು ನೆಟ್ಟಗಾಗಬೇಕು. ಆಗ ಪಾದದ ಮುಂಭಾಗದಿಂದ ತುಳಿಯುವಾಗ ಮೊಣಕಾಲು ತುಸು ಬಾಗಿರುತ್ತದೆ. ಸೀಟು ತಗ್ಗಿದ್ದರೆ ಮೊಣಕಾಲಿನ ಮುಂಭಾಗ ನೋಯುತ್ತದೆ. ಬೀಳುವ ಹೆದರಿಕೆಗೆ ಸೀಟು ತಗ್ಗಿಸಿಕೊಳ್ಳುವವರೇ ಹೆಚ್ಚು. ಅಂಥವರು ಮೊದಲ ವಾರ ಅಂಗಳದಲ್ಲಿ ತುಳಿದು, ಆಮೇಲೆ ದಿನಕ್ಕೆ ಅರ್ಧ ಇಂಚಿನಂತೆ ಏರಿಸಿಕೊಳ್ಳಲಿ.

ಪೆಟ್ಟಿಗೆಯಲ್ಲಿ ಬಂದ ಸೈಕಲನ್ನು ಜೋಡಿಸುವಾಗ ಆಗುವ ತಪ್ಪುಗಳು ಮುಖ್ಯವಾಗಿ ಎರಡು. ಎಡಗಡೆಯ ಪೆಡಲಿನ ಮರೆ (ತಿರುಪಿನ ಗೆರೆ) ತಿರುವುಮುರುವು, ಮುಂಗಾಲಿಯ ಕಡೆಗೆ ತಿರುಗಿಸಿದರೆ ಬಿಗಿಯುತ್ತದೆ. ಉಳಿದ ತಿರುಪಿನಂತೆ ಬಲವಂತ ಮಾಡಿದರೆ ಪೆಡಲು ಕೂರುವ ತೋಳಿನ, ಅಂದರೆ ಕ್ರ್ಯಾಂಕಿನ ಮರೆಯೇ ಹೋಗುತ್ತದೆ, ಮತ್ತೆ ಕ್ರ್ಯಾಂಕನ್ನೇ ಬದಲಿಸಬೇಕು. ಕೈಯಲ್ಲಿ ನಾಲ್ಕು ಸುತ್ತು ಸಲೀಸಾಗಿ ಹೋದ ಮೇಲಷ್ಟೇ 15ರ ಸ್ಪ್ಯಾನರ್ ಹಾಕಿ. ಇನ್ನೊಂದು, ಮುಂದಿನ ಗಾಲಿ ಹಿಡಿಯುವ ಕವೆ, ಅಂದರೆ ಫೋರ್ಕನ್ನು ಹಿಂದುಮುಂದಾಗಿ ಕೂರಿಸುವುದು. ಅದರ ಬಾಗು ಮುಂದಕ್ಕಿರಬೇಕು. ಹಿಂದಕ್ಕಿದ್ದರೆ ಪಾದ ಮುಂದಿನ ಗಾಲಿಗೆ ತಾಗುತ್ತದೆ.

ಟಯರಿನ ಬದಿಯಲ್ಲಿ ಗಾಳಿಯ ಒತ್ತಡ 40–65 ಪಿಎಸ್‌ಐ ಎಂದು ಬರೆದಿದ್ದರೆ ಮುಂದೆ 40, ಹಿಂದೆ 45 ಸಾಕು. ಗಟ್ಟಿಯಾಗಿ ಗಾಳಿ ಹೊಡೆದರೆ ಮುರಕಲ್ಲಿನ ಚರಳಿನ ಮೇಲೆ ಮಣಿಕಟ್ಟು ನಡುಗುತ್ತದೆ.

ಈ ಸೈಕಲಿನ ದೌರ್ಬಲ್ಯ ಬ್ರೇಕ್. ಮುರಕಲ್ಲಿನ ಕೆಂಪು ಧೂಳು ಮಳೆನೀರಿಗೆ ಕೂಡಿ ರಬ್ಬರಿಗೂ ರಿಮ್ಮಿಗೂ ನಡುವೆ ಅರದಂತೆ ಉಜ್ಜುತ್ತದೆ. ಹಿಡಿದಾಗ ಕರಕರ ಸದ್ದು ಬಂದರೆ ರಬ್ಬರ್ ಬಿಚ್ಚಿ, ಅಂಟಿದ ಹರಳುಗಳನ್ನು ಮೊಳೆಯ ತುದಿಯಿಂದ ಕಿತ್ತು, ಉಜ್ಜುಕಾಗದದಲ್ಲಿ ತಿಕ್ಕಿ. ರಬ್ಬರಿನ ಗೀರು ಮಾಸಿದರೆ ಹೊಸತು ಹಾಕಿ. ಒದ್ದೆಯಾದ ರಿಮ್ಮನ್ನು ಬ್ರೇಕ್ ತಕ್ಷಣ ಹಿಡಿಯುವುದಿಲ್ಲ. ಇಳಿಜಾರಿಗೆ ಮುಂಚೆಯೇ ಮೆಲ್ಲಗೆ ಒತ್ತಿ ನೀರು ಒರೆಸಿಕೊಳ್ಳಬೇಕು. ಎರಡೂ ಬ್ರೇಕು ಸೇರಿಸಿ, ಬಿಟ್ಟುಬಿಟ್ಟು ಹಿಡಿಯುವುದು. ಗಾಡಿ ಓಡುತ್ತಿರುವಾಗ ಮುಂದಿನದನ್ನು ಮಾತ್ರ ಗಟ್ಟಿ ಹಿಡಿದರೆ ಮಗುಚಬಹುದು.

ಚೈನಿಗೆ ತೆಂಗಿನೆಣ್ಣೆ ಬೇಡ. ಮನೆಯಲ್ಲಿ ಇದ್ದೇ ಇರುತ್ತದೆಂದು ಹಾಕುತ್ತಾರೆ. ಅದು ದಿನ ಹೋದಂತೆ ಅಂಟಾಗಿ ಧೂಳನ್ನೆಲ್ಲ ಹಿಡಿದು ಕಪ್ಪು ಮೇಣವಾಗುತ್ತದೆ. ಸೀಮೆಎಣ್ಣೆಯಲ್ಲಿ ಬ್ರಷ್ ಅದ್ದಿ ತೊಳೆದು, ಒಣಗಿದ ಮೇಲೆ ಪ್ರತಿ ಕೊಂಡಿಯ ಉರುಳೆಗೆ ಒಂದೊಂದು ಹನಿ ಚೈನ್ ಆಯಿಲ್ ಬಿಟ್ಟು, ಹೊರಗಿನದ್ದನ್ನು ಬಟ್ಟೆಯಲ್ಲಿ ಒರೆಸಿ. ಕುಂಬಳೆ, ಬೇಕಲದಂಥ ಕಡಲ ಬದಿಯಲ್ಲಿ ಉಪ್ಪುಗಾಳಿಗೆ ಸ್ಪೋಕ್ಸ್ ಬೇಗ ತುಕ್ಕು ಹಿಡಿಯುವುದರಿಂದ ಅವನ್ನೂ ಒರೆಸಿಡಬೇಕು.

ತುಳಿಯಲು ನವೆಂಬರಿನಿಂದ ಫೆಬ್ರವರಿ ಬಹಳ ಹಿತ. ಅನಂತಪುರದ ಪಾರೆಯಲ್ಲಿ (ಬಂಡೆಯ ಬಯಲಿನಲ್ಲಿ) ಒಂದು ಮರದ ನೆರಳೂ ಸಿಗದು, ಮಾರ್ಚ್ ಬಳಿಕ ಎಂಟು ಗಂಟೆಗೆ ಮುಂಚೆ ಮನೆ ಸೇರುವಂತೆ ಹೊರಡಿ. ಜುಲೈ–ಆಗಸ್ಟಿನ ಮಳೆಯ ತಿಂಗಳಾದ ಆಟಿಯಲ್ಲಿ ಕಾಂಕ್ರೀಟ್ ದಾರಿಗೆ ಪಾಚಿ ಕಟ್ಟಿರುತ್ತದೆ, ಕಂಗಿನ (ಅಡಿಕೆ ಮರದ) ಸೋಗೆ ಬಿದ್ದಿರುತ್ತದೆ. ಎರಡೂ ಗಾಲಿಯನ್ನು ಜಾರಿಸುತ್ತವೆ. ಆ ದಿನಗಳಲ್ಲಿ ಸೈಕಲನ್ನು ಚಾವಡಿಯಲ್ಲೇ ನಿಲ್ಲಿಸಿ, ವಾರಕ್ಕೊಮ್ಮೆ ಪೆಡಲ್ ತಿರುಗಿಸಿ ಗಾಳಿ ನೋಡಿದರೆ ಸಾಕು.