ಓಟಿಯಿಂದ ಐಸಿಯುವರೆಗಿನ ದಾರಿಗೆ ಒಂದು ಕೈ ಕ್ಯಾಪ್ನೋಗ್ರಾಫ್: ಏಳು ತಿಂಗಳ ಬಳಕೆಯ ನಂತರ

ದೊಡ್ಡ ಶಸ್ತ್ರಚಿಕಿತ್ಸೆ ಮುಗಿದ ರೋಗಿಯನ್ನು ಉಸಿರಾಟದ ಟ್ಯೂಬ್ ಸಮೇತ ಓಟಿಯಿಂದ ಐಸಿಯುವಿಗೆ ಸಾಗಿಸುವ ಹತ್ತು ಹನ್ನೆರಡು ನಿಮಿಷಗಳಷ್ಟು ಆತಂಕದ ಹೊತ್ತು ಅರಿವಳಿಕೆ ತಜ್ಞರ ದಿನದಲ್ಲಿ ಬೇರೊಂದಿಲ್ಲ. ಓಟಿಯೊಳಗೆ ರೋಗಿಯ ಪ್ರತಿ ಉಸಿರಿನ ಕಾರ್ಬನ್ ಡೈಆಕ್ಸೈಡ್ ಪರದೆಯ ಮೇಲೆ ಗೆರೆಯಾಗಿ ಮೂಡುತ್ತಿರುತ್ತದೆ. ಐಸಿಯು ತಲುಪಿ ವೆಂಟಿಲೇಟರಿಗೆ ಜೋಡಿಸಿದ ಮೇಲೆ ಮತ್ತೆ ಮೂಡುತ್ತದೆ. ನಡುವಿನ ದಾರಿಯಲ್ಲಿ, ಅಂದರೆ ರೋಗಿಯ ತಲೆ, ಕತ್ತು, ಟ್ಯೂಬ್ ಎಲ್ಲವೂ ಅತಿ ಹೆಚ್ಚು ಅಲುಗಾಡುವ ಹೊತ್ತಿನಲ್ಲಿಯೇ, ನಮ್ಮ ಬಳಿ ಬಹಳ ವರ್ಷ ಇದ್ದದ್ದು ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್, ಆಕ್ಸಿಜನ್ ಸಿಲಿಂಡರ್ ಮತ್ತು ಬೆರಳಿಗೆ ಸಿಕ್ಕಿಸುವ ಪಲ್ಸ್ ಆಕ್ಸಿಮೀಟರ್ ಮಾತ್ರ. ಆ ಕೊರತೆಯನ್ನು ತುಂಬಲೆಂದು ನಮ್ಮ ವಿಭಾಗಕ್ಕೆ ಏಳು ತಿಂಗಳ ಹಿಂದೆ ಬಂದ, ಅಂಗೈಯಲ್ಲಿ ಹಿಡಿಯಬಹುದಾದ ಸೈಡ್‌ಸ್ಟ್ರೀಮ್ ಕ್ಯಾಪ್ನೋಗ್ರಾಫ್ (ಉಸಿರಿನ ಗಾಳಿಯಲ್ಲಿ ಸ್ವಲ್ಪವನ್ನು ಪಕ್ಕಕ್ಕೆ ಎಳೆದುಕೊಂಡು ಅದರ ಕಾರ್ಬನ್ ಡೈಆಕ್ಸೈಡನ್ನು ಗೆರೆಯಾಗಿ ತೋರಿಸುವ ಯಂತ್ರ) ಬಗ್ಗೆ ಈ ವಿಮರ್ಶೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ, ಏಕೆಂದರೆ ನಾನು ಹೇಳಲಿರುವ ಒಳಿತು ಕೆಡುಕುಗಳಲ್ಲಿ ಹೆಚ್ಚಿನವು ಈ ಬಗೆಯ ಯಂತ್ರಗಳಿಗೆಲ್ಲ ಅನ್ವಯಿಸುತ್ತವೆ.

ಪಲ್ಸ್ ಆಕ್ಸಿಮೀಟರ್ ಇರುವಾಗ ಇನ್ನೊಂದು ಯಂತ್ರ ಏಕೆ ಎಂದು ಆಡಳಿತದವರು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಆಕ್ಸಿಮೀಟರ್ ಹೇಳುವುದು ರಕ್ತದಲ್ಲಿ ಆಕ್ಸಿಜನ್ ಎಷ್ಟು ಉಳಿದಿದೆ ಎಂಬುದನ್ನು. ಉಸಿರು ಆಡುತ್ತಿದೆಯೋ ಇಲ್ಲವೋ ಎಂಬುದನ್ನಲ್ಲ. ಸಾಗಿಸುವಾಗ ನಾವು ರೋಗಿಗೆ ಶೇಕಡಾ 100ರಷ್ಟು ಆಕ್ಸಿಜನ್ ಕೊಡುತ್ತಿರುತ್ತೇವೆ, ಶ್ವಾಸಕೋಶದ ತುಂಬ ಅದರ ದಾಸ್ತಾನು ಇರುತ್ತದೆ. ಹೀಗಾಗಿ ಟ್ಯೂಬ್ ಜಾರಿ ಉಸಿರಾಟ ಪೂರ್ತಿ ನಿಂತರೂ ಶ್ವಾಸಕೋಶ ಚೆನ್ನಾಗಿರುವ ವಯಸ್ಕರಲ್ಲಿ ಸ್ಯಾಚುರೇಷನ್, ಅಂದರೆ ಆಕ್ಸಿಮೀಟರ್ ತೋರಿಸುವ ಶೇಕಡಾವಾರು ಅಂಕಿ, ಇಳಿಯಲು ಹಲವು ನಿಮಿಷ ಹಿಡಿಯಬಹುದು. ಅದು ಇಳಿಯಲು ಶುರುವಾಗುವ ಹೊತ್ತಿಗೆ ದಾಸ್ತಾನು ಕರಗಿರುತ್ತದೆ, ಆಮೇಲಿನ ಇಳಿತ ಬಹಳ ಕಡಿದು. ಕಾರ್ಬನ್ ಡೈಆಕ್ಸೈಡ್ ಹಾಗಲ್ಲ. ಅದು ಒಂದೊಂದು ಉಸಿರಿನ ಜೊತೆಗೂ ಹೊರಗೆ ಬರಲೇಬೇಕು, ಬರಲಿಲ್ಲವೆಂದರೆ ಆ ಉಸಿರಿನಲ್ಲಿಯೇ ಗೊತ್ತಾಗುತ್ತದೆ.

ಯಂತ್ರದ ಕೆಲಸ ಸರಳ. ಟ್ಯೂಬ್ ಮತ್ತು ಬ್ಯಾಗಿನ ನಡುವೆ ಒಂದು ಸಣ್ಣ ಅಡಾಪ್ಟರ್ ಕೂರುತ್ತದೆ; ಅಲ್ಲಿಂದ ಸಣ್ಣ ಕೊಳವೆಯೊಂದು ನಿಮಿಷಕ್ಕೆ ಸುಮಾರು 50 ಮಿಲಿಲೀಟರಿನಂತೆ ಗಾಳಿಯನ್ನು ಎಳೆದುಕೊಂಡು ಯಂತ್ರದೊಳಗೆ ಒಯ್ಯುತ್ತದೆ. ಕಾರ್ಬನ್ ಡೈಆಕ್ಸೈಡ್ 4.26 ಮೈಕ್ರೋಮೀಟರ್ ತರಂಗಾಂತರದ ಸುತ್ತಲಿನ ಅವಕೆಂಪು ಬೆಳಕನ್ನು ಚೆನ್ನಾಗಿ ಹೀರುವುದರಿಂದ, ಎಷ್ಟು ಬೆಳಕು ಕಾಣೆಯಾಯಿತು ಎಂದು ಅಳೆದರೆ ಅನಿಲ ಎಷ್ಟಿದೆ ಎಂದು ತಿಳಿಯುತ್ತದೆ. ಗಾಳಿ ಕೊಳವೆಯುದ್ದಕ್ಕೂ ಸಾಗಿ ಬರಬೇಕಾದ್ದರಿಂದ ಪರದೆಯ ಗೆರೆ ನಿಜವಾದ ಉಸಿರಿಗಿಂತ ಎರಡು ಮೂರು ಸೆಕೆಂಡ್ ಹಿಂದಿರುತ್ತದೆ. ಮೊದಲ ವಾರ ಇದು ಕಿರಿಕಿರಿ ಎನಿಸಿತು, ಆಮೇಲೆ ಕಣ್ಣು ಹೊಂದಿಕೊಂಡಿತು. ಗುಂಡಿ ಒತ್ತಿದ ಅರ್ಧ ನಿಮಿಷದೊಳಗೆ ಗೆರೆ ಬರುತ್ತದೆ. ಅಂಕಿಯನ್ನು ನಂಬಲು ಇನ್ನೂ ಒಂದೆರಡು ನಿಮಿಷ ಕಾಯುವುದು ಒಳ್ಳೆಯದು. ಆದ್ದರಿಂದ ಶಸ್ತ್ರಚಿಕಿತ್ಸಕರು ಕೊನೆಯ ಹೊಲಿಗೆ ಹಾಕುತ್ತಿರುವಾಗಲೇ ಅದನ್ನು ಆನ್ ಮಾಡಿ ಟ್ರಾಲಿಯ ಮೇಲಿಡುವುದನ್ನು ಅಭ್ಯಾಸ ಮಾಡಿಕೊಂಡಿದ್ದೇವೆ.

ಮೂರನೇ ತಿಂಗಳಿನ ಒಂದು ಸಂಜೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಈ ಯಂತ್ರದ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅಂದು. ಕರುಳಿನ ದೀರ್ಘ ಶಸ್ತ್ರಚಿಕಿತ್ಸೆ ಆಗಿದ್ದ ರೋಗಿಯನ್ನು ಐಸಿಯುವಿನ ಹಾಸಿಗೆಗೆ ಸರಿಸುತ್ತಿದ್ದೆವು. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇನ್ನೂ ಇದ್ದುದರಿಂದ ಅವರು ತಾವಾಗಿ ಉಸಿರಾಡುವ ಸ್ಥಿತಿಯಲ್ಲಿರಲಿಲ್ಲ. ನಾಲ್ವರು ಹಾಸುಬಟ್ಟೆಯ ಮೂಲೆಗಳನ್ನು ಹಿಡಿದಿದ್ದರು, ನಾನು ತಲೆಯ ಕಡೆ ನಿಂತು ಒಂದು ಕೈಯಲ್ಲಿ ಟ್ಯೂಬ್, ಇನ್ನೊಂದರಲ್ಲಿ ಬ್ಯಾಗ್ ಹಿಡಿದಿದ್ದೆ. ಎತ್ತಿ ಇಳಿಸಿದ ಮೇಲೆ ನೋಡಿದರೆ ಸ್ಯಾಚುರೇಷನ್ 99, ನಾಡಿ ಮಾಮೂಲು, ಬ್ಯಾಗ್ ಒತ್ತಿದಾಗ ಕೈಗೆ ಸಿಗುವ ಬಿಗಿಯಲ್ಲೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಟ್ಯೂಬಿನ ಒಳಮೈಯಲ್ಲಿ ಆವಿ ಕಟ್ಟಿ ಕರಗುವುದೂ ಕಾಣುತ್ತಿತ್ತು. ಅಷ್ಟರಲ್ಲಿ ಪಕ್ಕದಲ್ಲಿದ್ದ ಸಿಸ್ಟರ್ “ಡಾಕ್ಟ್ರೇ, ಗೆರೆ ಹೋಯ್ತು” ಎಂದರು. ಅದುವರೆಗೆ ಚಪ್ಪಟೆ ನೆತ್ತಿಯ ಗುಡ್ಡಗಳಂತೆ ಸಾಲಾಗಿ ಬರುತ್ತಿದ್ದ ಗೆರೆ ಎರಡು ಪುಟ್ಟ ಉಬ್ಬುಗಳಾಗಿ ಕುಗ್ಗಿ, ಮೂರನೆಯ ಉಸಿರಿಗೆ ನೆಲಕ್ಕೆ ಮಲಗಿಬಿಟ್ಟಿತ್ತು. ತುಟಿಯ ಬಳಿ 22ನೇ ಸೆಂಟಿಮೀಟರಿನ ಗುರುತು ಇರಬೇಕಾಗಿದ್ದ ಟ್ಯೂಬಿನಲ್ಲಿ 17 ಕಾಣುತ್ತಿತ್ತು. ಗಂಟಲೊಳಗೆ ನೋಡುವ ಲ್ಯಾರಿಂಗೋಸ್ಕೋಪ್ ಹಾಕಿ ನೋಡಿದಾಗ ತುದಿ ಶ್ವಾಸನಾಳದಿಂದ ಹೊರಬಂದು ಅನ್ನನಾಳದ ಬಾಯಿಗೆ ಜಾರಿತ್ತು. ಟ್ಯೂಬ್ ತೆಗೆದು, ಮಾಸ್ಕ್ ಮೂಲಕ ಕೆಲವು ಉಸಿರು ಕೊಟ್ಟು, ಹೊಸ ಟ್ಯೂಬ್ ಹಾಕಿದೆ. ಗೆರೆ ಮತ್ತೆ ಎದ್ದಿತು. ಏಳು ಉಸಿರು ಎಣಿಸಿದೆ, ಏಳೂ ಸಮನಾಗಿ ಬಂದವು. ಆ ಅವಧಿಯಲ್ಲಿ ಸ್ಯಾಚುರೇಷನ್ 94ಕ್ಕಿಂತ ಕೆಳಗೆ ಹೋಗಲಿಲ್ಲ. ಮೂರನೆಯ ದಿನ ಅವರ ಟ್ಯೂಬ್ ತೆಗೆದೆವು, ಅವರು ಮೊದಲು ಕೇಳಿದ್ದು ನೀರು.

ಏಳು ಉಸಿರನ್ನು ಎಣಿಸುವುದು ನನ್ನ ವೈಯಕ್ತಿಕ ನಂಬಿಕೆಯಲ್ಲ. ಅನ್ನನಾಳಕ್ಕೆ ಹೋದ ಟ್ಯೂಬನ್ನು ಗುರುತಿಸದೇ ಬಿಡುವ ಅಪಾಯವನ್ನು ತಡೆಯಲು 2022ರಲ್ಲಿ ಹಲವು ದೇಶಗಳ ತಜ್ಞರು ಸೇರಿ ಹೊರಡಿಸಿದ ಮಾರ್ಗಸೂಚಿ, ಕನಿಷ್ಠ ಏಳು ಉಸಿರುಗಳವರೆಗೆ ಗೆರೆಯ ಎತ್ತರ ಕುಗ್ಗದೆ ನಿಲ್ಲಬೇಕು ಮತ್ತು ಅದರ ತುದಿ ತಳಮಟ್ಟಕ್ಕಿಂತ ಕನಿಷ್ಠ 7.5 ಮಿಲಿಮೀಟರ್ ಪಾದರಸದಷ್ಟು ಮೇಲಿರಬೇಕು ಎಂದು ಹೇಳುತ್ತದೆ. ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳುವುದು, ಟ್ಯೂಬಿನ ಆವಿ ನೋಡುವುದು ಇವುಗಳ ಆಧಾರದ ಮೇಲೆ ಅನ್ನನಾಳದ ಸಾಧ್ಯತೆಯನ್ನು ತಳ್ಳಿಹಾಕಬಾರದು ಎಂಬುದೂ ಅದರ ಸ್ಪಷ್ಟ ಮಾತು. ಅದಕ್ಕೂ ಮೊದಲು, ಬ್ರಿಟನ್ನಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಸೇರಿ ನಡೆಸಿ 2011ರಲ್ಲಿ ಪ್ರಕಟಿಸಿದ ನಾಲ್ಕನೇ ರಾಷ್ಟ್ರೀಯ ಆಡಿಟ್, ಐಸಿಯುಗಳಿಂದ ವರದಿಯಾದ ಶ್ವಾಸಮಾರ್ಗದ ಅವಘಡಗಳಿಂದಾದ ಸಾವು ಮತ್ತು ಶಾಶ್ವತ ಮಿದುಳು ಹಾನಿಗಳಲ್ಲಿ ಶೇಕಡಾ 74ರಷ್ಟು ಪ್ರಕರಣಗಳಲ್ಲಿ ಕ್ಯಾಪ್ನೋಗ್ರಫಿ ಬಳಸದಿದ್ದುದು ಅಥವಾ ಸರಿಯಾಗಿ ಬಳಸದಿದ್ದುದು ಒಂದು ಕಾರಣವಾಗಿತ್ತು ಎಂದು ಕಂಡುಕೊಂಡಿತ್ತು. ಆ ವರದಿಯನ್ನು ಓದಿದವರಿಗೆ ಇಂಥದೊಂದು ಯಂತ್ರವಿಲ್ಲದೆ ರೋಗಿಯನ್ನು ಲಿಫ್ಟಿನೊಳಗೆ ತಳ್ಳಿಕೊಂಡು ಹೋಗಲು ಮನಸ್ಸು ಒಪ್ಪುವುದಿಲ್ಲ.

ಈಗ ಪರದೆಯ ವಿಷಯಕ್ಕೆ ಬರುತ್ತೇನೆ. ಖರೀದಿಗೆ ಮೊದಲು ನಮ್ಮ ಮುಂದೆ ಎರಡು ಆಯ್ಕೆಗಳಿದ್ದವು: ಅಂಕಿಯನ್ನಷ್ಟೇ ತೋರಿಸುವ ಇನ್ನೂ ಚಿಕ್ಕ ಯಂತ್ರ, ಮತ್ತು ಗೆರೆಯನ್ನೂ ತೋರಿಸುವ ಇದು. ಎರಡನೆಯದನ್ನೇ ಹಟ ಹಿಡಿದು ತರಿಸಿದ್ದು ಸರಿಯಾಯಿತು. 35ರಿಂದ 45 ಮಿಲಿಮೀಟರ್ ಪಾದರಸದೊಳಗಿನ ಅಂಕಿ ಸಾಮಾನ್ಯ ಎಂದು ವಿದ್ಯಾರ್ಥಿಗಳೆಲ್ಲ ಕಲಿತಿರುತ್ತಾರೆ, ಆದರೆ ಒಂದೇ ಅಂಕಿಯ ಹಿಂದೆ ಬೇರೆ ಬೇರೆ ಕಥೆಗಳಿರಬಹುದು. ಶ್ವಾಸನಾಳಗಳು ಬಿಗಿದುಕೊಂಡಾಗ ಗೆರೆಯ ಏರುಭಾಗ ಓರೆಯಾಗಿ ಮೀನಿನ ಬೆನ್ನುರೆಕ್ಕೆಯಂತಾಗುತ್ತದೆ. ಸ್ನಾಯು ಸಡಿಲಿಸುವ ಔಷಧದ ಪ್ರಭಾವ ಇಳಿದು ರೋಗಿ ತಾನೇ ಉಸಿರೆಳೆಯಲು ಯತ್ನಿಸಿದಾಗ ಚಪ್ಪಟೆ ನೆತ್ತಿಯಲ್ಲಿ ಒಂದು ಕಚ್ಚು ಬೀಳುತ್ತದೆ. ಬಿಟ್ಟ ಗಾಳಿಯೇ ಮರಳಿ ಒಳಹೋಗುತ್ತಿದ್ದರೆ ತಳಗೆರೆ ಸೊನ್ನೆಗೆ ಇಳಿಯುವುದೇ ಇಲ್ಲ. ಅಂಗೈ ಅಗಲದ ಪರದೆಯಲ್ಲಿಯೂ ಈ ಮೂರನ್ನೂ ಸ್ಪಷ್ಟವಾಗಿ ಗುರುತಿಸಲು ಸಾಧ್ಯವಾಗಿದೆ. ದಟ್ಟ ಬಣ್ಣ, ಒಳ್ಳೆಯ ಬೆಳಕು, ಓರೆಯಾಗಿ ನಿಂತು ನೋಡಿದರೂ ಕಾಣುವ ಗೆರೆ. ಇದರಲ್ಲಿ ತಯಾರಕರ ಶ್ರಮ ಎದ್ದು ಕಾಣುತ್ತದೆ.

ದೋಷಗಳಲ್ಲಿ ಮೊದಲನೆಯದು ನೀರು. ಉಸಿರಿನ ತೇವ ಕೊಳವೆಯೊಳಗೆ ಹನಿಯಾಗಿ ಕಟ್ಟಿಕೊಳ್ಳುವುದು ಸೈಡ್‌ಸ್ಟ್ರೀಮ್ ಯಂತ್ರಗಳೆಲ್ಲದರ ಹಳೆಯ ತೊಂದರೆ, ಆದರೆ ಆ ನೀರನ್ನು ಹಿಡಿದಿಡುವ ಇದರ ವಾಟರ್ ಟ್ರ್ಯಾಪ್ ಬೇಕಾದ ಅಳತೆಗಿಂತ ಚಿಕ್ಕದಾಗಿದೆ. ಸಾಗಾಟದ ಹತ್ತು ನಿಮಿಷಕ್ಕೆ ಸಾಕು; ಐಸಿಯುವಿನಲ್ಲಿ ತೇವಗೊಳಿಸಿದ ಬಿಸಿಗಾಳಿಯ ವೆಂಟಿಲೇಟರಿಗೆ ಜೋಡಿಸಿ ಎರಡು ಗಂಟೆ ಬಿಟ್ಟರೆ ತುಂಬಿಕೊಂಡು ಗೆರೆ ಕುಸಿಯುತ್ತದೆ. ಒಮ್ಮೆ ಹೀಗೆ ಗೆರೆ ಮಲಗಿದಾಗ ಕಿರಿಯ ಡ್ಯೂಟಿ ಡಾಕ್ಟರ್ ಮೊದಲು ರೋಗಿಯ ಟ್ಯೂಬ್, ಎದೆಯ ಏರಿಳಿತ, ವೆಂಟಿಲೇಟರಿನ ಒತ್ತಡ ನೋಡಿ, ಹೊಸ ಕೊಳವೆ ಜೋಡಿಸಿ, ಗೆರೆ ಮರಳಿದ ಮೇಲಷ್ಟೇ ಯಂತ್ರದ ದೋಷ ಎಂದು ತೀರ್ಮಾನಿಸಿದರು. ಆ ಅನುಕ್ರಮವೇ ಸರಿ. ಗೆರೆ ಹೋದರೆ ಮೊದಲು ರೋಗಿಯನ್ನು ಅನುಮಾನಿಸಬೇಕು, ಯಂತ್ರವನ್ನಲ್ಲ. ಆದರೆ ಯಂತ್ರ ಪದೇ ಪದೇ ಸುಳ್ಳು ಕೂಗು ಹಾಕಿದರೆ ಆ ಶಿಸ್ತು ನಿಧಾನವಾಗಿ ಸವೆಯುತ್ತದೆ, ಮತ್ತು ನಿಜವಾದ ದಿನ ಯಾರೋ ಒಬ್ಬರು “ನೀರು ಕಟ್ಟಿರಬೇಕು” ಎಂದು ಕೊಳವೆಯನ್ನು ಕೊಡವುತ್ತ ನಿಲ್ಲುತ್ತಾರೆ ಎಂಬ ಭಯ ನನಗಿದೆ. ಈ ಕಾರಣಕ್ಕೆ ಐಸಿಯುವಿನ ದೀರ್ಘ ಬಳಕೆಗೆ ಇದನ್ನು ನಾನು ಶಿಫಾರಸು ಮಾಡುವುದಿಲ್ಲ. ಅಲ್ಲಿಗೆ ಹಾಸಿಗೆಯ ಪಕ್ಕದ ಮಾನಿಟರಿನಲ್ಲಿಯೇ ಕೂರುವ ಮಾಡ್ಯೂಲ್ ಬೇಕು.

ಎರಡನೆಯದು ಅಲಾರಂ. ಉಸಿರು ನಿಂತ ಅಲಾರಮ್ಮಿನ ಅವಧಿ ಕಾರ್ಖಾನೆಯಿಂದ ಬರುವಾಗ 30 ಸೆಕೆಂಡಿಗೆ ಇಡಲಾಗಿತ್ತು. ಬ್ಯಾಗಿನಿಂದ ಐದಾರು ಸೆಕೆಂಡಿಗೆ ಒಂದು ಉಸಿರು ಕೊಡುತ್ತಿರುವಾಗ 30 ಸೆಕೆಂಡ್ ಎಂದರೆ ಐದು ಉಸಿರು ಕಳೆದುಹೋದ ಹಾಗೆ. ಅದನ್ನು 15ಕ್ಕೆ ಇಳಿಸಬಹುದು, ಇಳಿಸಿದೆವು. ಆದರೆ ಬ್ಯಾಟರಿ ಪೂರ್ತಿ ಖಾಲಿಯಾಗಿ ಮತ್ತೆ ಚಾರ್ಜ್ ಆದಾಗ ಯಂತ್ರ ಹಳೆಯ ಅಂಕಿಗೇ ಮರಳಿಬಿಡುತ್ತದೆ. ನಾವು ಮೇಲೆ ಒಂದು ಚೀಟಿ ಅಂಟಿಸಿ ನಿಭಾಯಿಸುತ್ತಿದ್ದೇವೆ. ಜೀವ ಕಾಯುವ ಯಂತ್ರದ ಭದ್ರತೆ ಒಂದು ಅಂಟುಚೀಟಿಯ ಮೇಲೆ ನಿಲ್ಲಬಾರದು. ತಯಾರಕರಿಗೆ ಪತ್ರ ಬರೆದಿದ್ದೇವೆ, ಮುಂದಿನ ಆವೃತ್ತಿಯಲ್ಲಿ ಸರಿಪಡಿಸುವುದಾಗಿ ಉತ್ತರ ಬಂದಿದೆ.

ಅಂಕಿಯ ನಿಖರತೆಯ ಬಗ್ಗೆ ನನ್ನ ದೂರಿಲ್ಲ. ಅಪಧಮನಿಯ ರಕ್ತಪರೀಕ್ಷೆಯ ಜೊತೆ ಹಲವು ಬಾರಿ ಹೋಲಿಸಿ ನೋಡಿದ್ದೇನೆ. ಆರೋಗ್ಯವಾದ ಶ್ವಾಸಕೋಶದವರಲ್ಲಿ ರಕ್ತದ ಮಟ್ಟಕ್ಕಿಂತ ಇದು 2ರಿಂದ 5ರಷ್ಟು ಕಡಿಮೆ ತೋರಿಸುವುದು ಸಹಜ, ಹಾಗೆಯೇ ತೋರಿಸಿತು. ಆದರೆ ಐಸಿಯುವಿನ ರೋಗಿಗಳಲ್ಲಿ, ರಕ್ತದೊತ್ತಡ ಕುಸಿದಾಗ ಅಥವಾ ಶ್ವಾಸಕೋಶದ ಒಂದಷ್ಟು ಭಾಗಕ್ಕೆ ರಕ್ತ ಸರಿಯಾಗಿ ಹರಿಯದಿದ್ದಾಗ, ಈ ಅಂತರ ಬಹಳ ಹಿಗ್ಗುತ್ತದೆ. ಅದು ಯಂತ್ರದ ತಪ್ಪಲ್ಲ, ರೋಗದ ಮಾತು. ತಲೆಗೆ ಪೆಟ್ಟಾದವರಲ್ಲಿ ಕಾರ್ಬನ್ ಡೈಆಕ್ಸೈಡ್ ಮಟ್ಟವನ್ನು ಬಿಗಿಯಾಗಿ ಕಾಯಬೇಕಾದ್ದರಿಂದ, ಹೊರಡುವ ಮುನ್ನ ಒಂದು ರಕ್ತಪರೀಕ್ಷೆ ಮಾಡಿ ಅಂತರ ಎಷ್ಟೆಂದು ತಿಳಿದುಕೊಂಡೇ ದಾರಿಯಲ್ಲಿ ಈ ಅಂಕಿಯನ್ನು ಅನುಸರಿಸುತ್ತೇವೆ.

ಹೃದಯ ಸ್ತಂಭನವಾದಾಗ ಇದನ್ನು ವಾರ್ಡುಗಳಿಗೂ ಎತ್ತಿಕೊಂಡು ಓಡಿದ್ದೇವೆ. ಎದೆಯನ್ನು ಸರಿಯಾಗಿ ಒತ್ತುತ್ತಿದ್ದರೆ, ಟ್ಯೂಬ್ ಸರಿಯಾದ ಜಾಗದಲ್ಲಿದ್ದರೆ, ಹೃದಯ ನಿಂತಿದ್ದರೂ ತಗ್ಗಾದ ಗೆರೆ ಬರುತ್ತದೆ. ಒತ್ತುವವರ ಕೈ ಸೋತಾಗ ಗೆರೆಯೂ ತಗ್ಗುವುದನ್ನು ಕಣ್ಣಾರೆ ಕಂಡು ಬೇರೆಯವರನ್ನು ನಿಲ್ಲಿಸಿದ್ದುಂಟು. ಒಮ್ಮೆ 14ರ ಆಸುಪಾಸಿನಲ್ಲಿದ್ದ ಅಂಕಿ ಒಮ್ಮೆಲೇ 38ಕ್ಕೆ ಹಾರಿತು, ಕುತ್ತಿಗೆಯಲ್ಲಿ ನಾಡಿ ಸಿಕ್ಕಿದ್ದು ಅದರ ನಂತರ. ಇಪ್ಪತ್ತು ನಿಮಿಷಗಳ ಪ್ರಯತ್ನದ ಮೇಲೂ 10ನ್ನು ದಾಟದಿದ್ದರೆ ಬದುಕುಳಿಯುವ ಸಾಧ್ಯತೆ ಬಹಳ ಕಡಿಮೆ ಎಂಬುದೂ ಅಧ್ಯಯನಗಳಿಂದ ತಿಳಿದ ವಿಷಯ, ಆದರೂ ಆ ಒಂದೇ ಅಂಕಿಯನ್ನು ನೋಡಿ ಕೈಬಿಡುವುದು ಸರಿಯಲ್ಲ. ಇಂಥ ಓಟದಲ್ಲಿ ಯಂತ್ರ ಎರಡು ಬಾರಿ ನೆಲಕ್ಕೆ ಬಿದ್ದಿದೆ. ಮೂಲೆಯ ರಬ್ಬರ್ ಸ್ವಲ್ಪ ಕಿತ್ತಿದ್ದು ಬಿಟ್ಟರೆ ಏನೂ ಆಗಿಲ್ಲ. ಎಂಆರ್‌ಐ ಕೋಣೆಯೊಳಗೆ ಮಾತ್ರ ಇದನ್ನು ಒಯ್ಯುವಂತಿಲ್ಲ, ಬಾಗಿಲಲ್ಲೇ ಬಿಡಬೇಕು.

ಬ್ಯಾಟರಿ ನಾಲ್ಕೈದು ಗಂಟೆ ಬರುತ್ತದೆ. ಕೊಳವೆ ಮತ್ತು ಅಡಾಪ್ಟರ್ ಪ್ರತಿ ರೋಗಿಗೂ ಹೊಸದು ಬೇಕು. ಅವು ಈ ಯಂತ್ರಕ್ಕೆ ಮಾತ್ರ ಹೊಂದುವುದರಿಂದ ದಾಸ್ತಾನು ಮುಗಿಯುವ ಮೊದಲೇ ತರಿಸಿಟ್ಟುಕೊಳ್ಳಬೇಕು. ಒಮ್ಮೆ ಮುಗಿದು ನಾಲ್ಕು ದಿನ ಯಂತ್ರ ಸುಮ್ಮನೆ ಕಪಾಟಿನಲ್ಲಿ ಕೂತಿತ್ತು, ಆ ನಾಲ್ಕು ದಿನದ ಸಾಗಾಟಗಳಲ್ಲಿ ನಾನು ಅನುಭವಿಸಿದ ಕಸಿವಿಸಿ ಮೊದಲಿನ ವರ್ಷಗಳಲ್ಲಿ ಎಂದೂ ಆಗಿರಲಿಲ್ಲ.

ಉಳಿದಿರುವ ಒಂದು ಕೊರತೆ ನವಜಾತ ಶಿಶುಗಳದ್ದು. ಜೊತೆಗೆ ಬಂದ ಅಡಾಪ್ಟರ್ ವಯಸ್ಕರ ಅಳತೆಯದು. ಅದರೊಳಗಿನ ಖಾಲಿ ಜಾಗ ಮೂರು ಕಿಲೋ ತೂಕದ ಶಿಶುವಿನ ಪುಟ್ಟ ಉಸಿರಿಗೆ ತೀರಾ ಹೆಚ್ಚಾಗುತ್ತದೆ, ಗೆರೆಯೂ ನೆತ್ತಿ ಕಟ್ಟುವ ಮೊದಲೇ ಇಳಿದುಬಿಡುತ್ತದೆ. ಶಿಶುಗಳ ಅಡಾಪ್ಟರಿಗೆ ಬರೆದಿದ್ದೇವೆ, ಇನ್ನೂ ಬಂದಿಲ್ಲ. ಅದು ಬರುವವರೆಗೆ ಶಿಶುಗಳನ್ನು ಸಾಗಿಸುವಾಗ ಓಟಿಯ ದೊಡ್ಡ ಮಾನಿಟರನ್ನೇ ಕಳಚಿ ಟ್ರಾಲಿಯ ಕಾಲ ಬಳಿ ಕಟ್ಟಿಕೊಂಡು ಹೋಗುತ್ತಿದ್ದೇವೆ. ಲಿಫ್ಟಿನಲ್ಲಿ ಜಾಗ ಸಾಲದೆ ಒಬ್ಬರು ಮೆಟ್ಟಿಲು ಹತ್ತಿ ಬರಬೇಕಾಗುತ್ತದೆ, ಬರುತ್ತಾರೆ.